ಮೆಟ್ಟಿಲು ಮರೆತ ಮನೆ

ನಮ್ಮ ಮನೆಗೆ ಮಹಡಿ ಇತ್ತು. ಮಹಡಿಯ ಮೇಲೆ ಉದ್ದನೆಯ ಕೋಣೆ ಇತ್ತು. ಕೋಣೆಗೆ ನಾಲ್ಕು ಕಿಟಕಿ, ಒಂದು ಬಾಗಿಲು, ಫ್ಯಾನು ತೂಗುಹಾಕಲು ಎರಡು ಕೊಕ್ಕೆ, ಎಲ್ಲವೂ ಇದ್ದವು. ಹತ್ತಿ ಹೋಗುವುದಕ್ಕೆ ಮೆಟ್ಟಿಲು ಮಾತ್ರ ಇರಲಿಲ್ಲ. ಬೇರೆ ಊರಿನವರಿಗೆ ಇದನ್ನು ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ, ಈಗ ನಾನೂ ನಗುತ್ತೇನೆ. ಅವತ್ತು ಮಾತ್ರ ನೆಲ ಬಾಯಿಬಿಡಬಾರದೇ ಅನ್ನಿಸಿತ್ತು.

ಮೆಟ್ಟಿಲನ್ನು ಯಾರಾದರೂ ಮರೆಯುತ್ತಾರೆಯೇ ಎಂದು ಕೇಳಬೇಡಿ. ಮೇಸ್ತ್ರಿ ಕೊಟ್ರಪ್ಪ ಮರೆತ. ಒಬ್ಬನೇ ಮನುಷ್ಯ ಒಂದೇ ಸಲಕ್ಕೆ ನಾಲ್ಕು ಮನೆಗಳ ಗುತ್ತಿಗೆ ಹಿಡಿದಿದ್ದ. ಬೆಳಿಗ್ಗೆ ಒಂದು ಕಡೆ ಮುಖ ತೋರಿಸಿದರೆ ಸಂಜೆ ಇನ್ನೊಂದು ಕಡೆ. ಎಲ್ಲಿ ಹೋದರೂ ಬಾಯಲ್ಲಿ ಒಂದೇ ಮಾತು, "ಇನ್ನೆರಡು ದಿನ ಅಷ್ಟೇರಿ." ನಮ್ಮ ಗೋಡೆಗೆ ಬೊಂಬಿನ ಸಾರುವೆ ಕಟ್ಟಿದ್ದರು. ಐದು ತಿಂಗಳು ಗಾರೆಯವರು ಅದನ್ನೇ ಹತ್ತಿ ಇಳಿದರು. ನಾನೂ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಅದರಲ್ಲೇ ಹತ್ತಿ ಹೋಗಿ, ಕಿಟಕಿ ಎಲ್ಲಿರಬೇಕು ಎಂದು ತೋರಿಸಿ ಬಂದಿದ್ದೆ. ಹೀಗೆ ದಿನಾ ಹತ್ತಿ ಇಳಿಯುತ್ತಿದ್ದವರಿಗೆ ಹತ್ತಲು ದಾರಿಯೇ ಇಲ್ಲ ಎಂಬುದು ಹೊಳೆಯುವುದಾದರೂ ಹೇಗೆ? ಗೃಹಪ್ರವೇಶದ ಹಿಂದಿನ ದಿನ ಕೊಟ್ರಪ್ಪ ಸಾರುವೆ ಬಿಚ್ಚಿ, ಬೊಂಬುಗಳನ್ನು ಗಾಡಿಗೆ ಹೇರಿಕೊಂಡು ಮುಂದಿನ ಮನೆಗೆ ಹೋದ. ಮರುದಿನ ಹಾಲು ಉಕ್ಕಿಸಿದ ಮೇಲೆ ನನ್ನ ನಾದಿನಿ, "ಅತ್ತಿಗೆ, ಮ್ಯಾಲಿನ ಕೋಣೆ ತೋರ್ಸು ಬಾ" ಎಂದಳು. ನಾನು ಜಂಬದಿಂದ ಅವಳ ಕೈಹಿಡಿದುಕೊಂಡು ಹೊರಟೆ. ಮನೆಯನ್ನು ಒಂದು ಸುತ್ತು ಬಂದೆವು. ಎರಡನೇ ಸುತ್ತೂ ಬಂದೆವು. ಮೂರನೆಯ ಸುತ್ತಿಗೆ ನಾದಿನಿ ಕೈ ಬಿಡಿಸಿಕೊಂಡು ನನ್ನ ಮುಖವನ್ನೇ ನೋಡತೊಡಗಿದಳು.

ಆ ಕೋಣೆಯ ಮೇಲೆ ನಾನು ಜೀವ ಇಟ್ಟುಕೊಂಡಿದ್ದೆ. ನನ್ನ ಹೆಸರು ಇಂದುಮತಿ, ಹೊಲಿಗೆ ಕಲಿಸುತ್ತೇನೆ, ಹಾಗಾಗಿ ಊರಿಗೆಲ್ಲ ಅಕ್ಕೋರು. ಹದಿನೆಂಟು ವರ್ಷದಲ್ಲಿ ನನ್ನ ಹೊಲಿಗೆ ಶಾಲೆ ಹನ್ನೊಂದು ಜಾಗ ಕಂಡಿದೆ. ರೇಷನ್ ಅಂಗಡಿಯ ಜಗಲಿ, ಹಾಲಿನ ಡೈರಿಯ ಹಿಂಬದಿ, ಒಬ್ಬ ಪುಣ್ಯಾತ್ಮರ ಖಾಲಿ ದನದ ಕೊಟ್ಟಿಗೆ. ಎಲ್ಲ ಕಡೆಯೂ ಮೊದಲು "ಇರ್ಲಿ ಬಿಡ್ರಿ ಅಕ್ಕೋರೆ" ಎನ್ನುತ್ತಾರೆ, ವರ್ಷವಾಗುತ್ತಲೇ ಮಿಷಿನ್ನಿನ ಸದ್ದಿಗೆ ತಲೆನೋವು ಶುರುವಾಯಿತು ಎನ್ನುತ್ತಾರೆ. ಆಗ ನನ್ನ ಒಂಬತ್ತು ಹುಡುಗಿಯರು ಒಂಬತ್ತು ಮಿಷಿನ್ನುಗಳನ್ನು ತಲೆಯ ಮೇಲೆ ಹೊತ್ತು ಬೀದಿಯುದ್ದಕ್ಕೂ ನಡೆಯುತ್ತಾರೆ, ನಾನು ಕತ್ತರಿ, ದಾರದ ಡಬ್ಬ ಹಿಡಿದು ತಲೆ ತಗ್ಗಿಸಿಕೊಂಡು ಹಿಂದೆ ಹೋಗುತ್ತೇನೆ. ಯಾರೂ ಎದ್ದೇಳಿ ಎನ್ನದ ಒಂದು ಜಾಗ ನನಗೆ ಬೇಕಾಗಿತ್ತು. ಮಹಡಿಯ ಕೋಣೆಯಲ್ಲಿ ಒಂಬತ್ತು ಮಿಷಿನ್ನುಗಳೂ ಒಂದೇ ಸಾಲಿನಲ್ಲಿ, ಕಿಟಕಿಯ ಬೆಳಕಿಗೆ ಬೆನ್ನು ಹಾಕದೆ ನಿಲ್ಲುತ್ತಿದ್ದವು.

ನಮ್ಮೂರಿನಲ್ಲಿ ಕೆಲಸ ಕೆಡಿಸಿದ ಮೇಸ್ತ್ರಿ ತಾನು ಕಟ್ಟಿದ ಮನೆಯಲ್ಲೇ ಬಾಳುವೆ ಮಾಡಬೇಕು. ಕಟ್ಟಿಸಿದವರು ಅದು ಸರಿಯಾಗುವ ತನಕ ಅವನ ಮನೆಯಲ್ಲಿ ಇರುತ್ತಾರೆ. ವರ್ಷದೊಳಗೆ ಸರಿಮಾಡಿದರೆ ಬೀಗದ ಕೈಗಳು ವಾಪಸ್ಸು, ಮಾಡದಿದ್ದರೆ ಮನೆಗಳು ಕಾಯಂ ಅದಲುಬದಲು. ಪರಿಹಾರ ಅಂದರೆ ನಮ್ಮಲ್ಲಿ ಇದೇ. ಹಾಗಾಗಿ ಶಾಲೆಯ ದಾಖಲೆಯಲ್ಲಿ ಮೇಸ್ತ್ರಿಗಳ ಮಕ್ಕಳಿಗೆ "ಸ್ವಂತ ಮನೆ", "ಸದ್ಯದ ಮನೆ" ಎಂದು ಎರಡು ಕಾಲಂ ಇವೆ. ಹೆಣ್ಣು ಕೊಡುವವರು ಗಂಡಿಗೆ ಕುಡಿತ ಇದೆಯೋ ಎಂದು ಕೇಳುವ ಮೊದಲು ಗಾರೆ ಕೆಲಸ ಇದೆಯೋ ಎಂದು ವಿಚಾರಿಸುತ್ತಾರೆ. ಬೆಕ್ಕು, ಗಿಡ, ಗೋಡೆಯ ಕ್ಯಾಲೆಂಡರು ಮನೆಯ ಜೊತೆಗೇ ಉಳಿಯುತ್ತವೆ. ಬಟ್ಟೆ, ಪಾತ್ರೆ, ದೇವರ ಪಟ ಮನುಷ್ಯರ ಜೊತೆ ಹೋಗುತ್ತವೆ. ಈ ಕಾಯಿದೆ ಹೊಲಿಗೆಯವರಿಗೆ ಇಲ್ಲದಿರುವುದು ನನ್ನ ಪುಣ್ಯ. ಇದ್ದಿದ್ದರೆ, ನಾನು ಕೆಡಿಸಿದ ರವಿಕೆಗಳನ್ನೆಲ್ಲ ತೊಟ್ಟುಕೊಂಡು ಓಡಾಡಲು ಈ ಜನ್ಮ ಸಾಲುತ್ತಿರಲಿಲ್ಲ.

ದೂರು ಕೊಟ್ಟ ಮೂರನೇ ದಿನ ದಾದಾಪೀರ್ ಸಾಹೇಬರು ಬಂದರು. ಊರಿನ ಮನೆಗಳನ್ನು ಪರೀಕ್ಷೆ ಮಾಡುವ ಅಧಿಕಾರಿ ಅವರು. ಬಟ್ಟೆಯ ಚೀಲದಲ್ಲಿ ಒಂದು ಗಾಜಿನ ಗೋಲಿ, ಒಂದು ಚೊಂಬು, ದಾರಕ್ಕೆ ಕಟ್ಟಿದ ತೂಕದ ಗುಂಡು, ಇಷ್ಟೇ ಅವರ ಆಯುಧ. ನೆಲದ ಮೇಲೆ ಗೋಲಿ ಇಟ್ಟರು, ಅದು ಇಟ್ಟಲ್ಲೇ ಕೂತಿತು. ಬಚ್ಚಲಲ್ಲಿ ನೀರು ಸುರಿದರು, ಅದು ಹೇಳಿದ ಮಾತು ಕೇಳುವ ಮಗುವಾಗಿ ತೂಬಿನ ಕಡೆ ಹೋಯಿತು. ಗೋಡೆಗೆ ಗುಂಡು ಇಳಿಬಿಟ್ಟರು, ದಾರ ಒಂದು ಕೂದಲೂ ಆಚೀಚೆ ಆಗಲಿಲ್ಲ.

"ಎಲ್ಲಾ ಬರೋಬ್ಬರಿ ಐತಲ್ಲ ಅಕ್ಕೋರೆ. ದೂರು ಏನು?" ಎಂದರು.

"ಮ್ಯಾಲಿನ ಕೋಣೇಲೂ ಗೋಲಿ ಇಟ್ಟು ನೋಡ್ರಿ ಸಾಹೇಬ್ರೆ" ಎಂದೆ.

ಸಾಹೇಬರು ಚೀಲ ಹೆಗಲಿಗೇರಿಸಿ ಹೊರಟರು. ನಾನು ಸುಮ್ಮನೆ ಬಾಗಿಲಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಮನೆಯ ಇನ್ನೊಂದು ಪಕ್ಕದಿಂದ ಬಂದು ನನ್ನೆದುರು ನಿಂತರು. ಪಕ್ಕದಲ್ಲೇ ಇದ್ದ ಕೊಟ್ರಪ್ಪ ತಲೆ ಕೆರೆದುಕೊಂಡ.

"ಮೆಟ್ಲು ಹೊರಗಡೆ ಅಂತ ಇತ್ತು ಸಾಹೇಬ್ರೆ" ಎಂದ. ಹೊರಗೆ ನಮ್ಮ ಗೋಡೆಗೂ ಪಕ್ಕದ ಮನೆಯ ಗೋಡೆಗೂ ನಡುವೆ ಒಬ್ಬರು ಮೈ ಓರೆ ಮಾಡಿಕೊಂಡು ಹೋಗುವಷ್ಟೇ ಜಾಗವಿತ್ತು. ಅದನ್ನು ನೋಡಿ, "ಒಳಗಡೆ ಅಂತಾನೂ ಇತ್ತು" ಎಂದು ಸೇರಿಸಿದ.

ಬೀಗದ ಕೈ ಬದಲಾಗುವ ದಿನ ಕೊಟ್ರಪ್ಪನ ಹೆಂಡತಿ ಹಾಲಮ್ಮನನ್ನು ನಾನು ಹತ್ತಿರದಿಂದ ನೋಡಿದೆ. ಕೊಟ್ರಪ್ಪನದು ಬಾಗಿಲಿಗೆ ತಲೆ ತಾಗುವ ಎತ್ತರ. ಈಕೆ ನನ್ನ ಭುಜಕ್ಕೂ ಬರುತ್ತಿರಲಿಲ್ಲ. ಗಂಟುಗಳನ್ನು ಅವಳು ಕಟ್ಟಿದ್ದ ರೀತಿ ನೋಡಿದರೆ ಸಾಕು, ಅನುಭವಸ್ಥೆ ಎಂದು ತಿಳಿಯುತ್ತಿತ್ತು. "ಇದು ಹತ್ತನೇ ಮನೆ ಅಕ್ಕೋರೆ" ಎಂದಳು, ಹತ್ತನೇ ಹೆರಿಗೆ ಎನ್ನುವ ದನಿಯಲ್ಲಿ. "ನಮ್ಮನೆ ಬಚ್ಚಲ ಬಾಗಿಲು ಎತ್ತಿ ತಳ್ರಿ. ಬೆಕ್ಕಿಗೆ ಹಾಲು ಆಗಲ್ಲ, ಮಜ್ಜಿಗೆ ಹಾಕ್ರಿ. ನಿಮ್ಮನೇದು ಏನೈತೆ ಹೇಳ್ರಿ." ಎಂಟೇ ದಿನ ಬಾಳಿದ ಮನೆಯ ಬಗ್ಗೆ ನಾನು ಏನು ಹೇಳಲಿ? ಅಡುಗೆಕಟ್ಟೆ ತೀರಾ ತಗ್ಗು, ಬಗ್ಗಿ ಬಗ್ಗಿ ನನ್ನ ನಡು ಬಿದ್ದುಹೋಗಿದೆ ಎಂದೆ. ಅವಳು ಸರಕ್ಕನೆ ಬಗ್ಗಿ, ಬಿಗಿಯಾಗಿದ್ದ ಗಂಟನ್ನೇ ಮತ್ತೆ ಬಿಗಿದಳು.

ಕೊಟ್ರಪ್ಪನ ಮನೆ ಚೆನ್ನಾಗಿಯೇ ಇತ್ತು. ನನ್ನ ಗಂಡ ರುದ್ರೇಶಿ ಊರಿನ ಟಾಕೀಸಿನಲ್ಲಿ ಗೇಟು ಕಾಯುವವರು. ಈ ಮನೆಯಿಂದ ಟಾಕೀಸು ಕೂಗಳತೆ. ಇಂಟರ್ವಲ್ಲಿನಲ್ಲಿ ಮನೆಗೆ ಬಂದು ಚಹಾ ಕುಡಿದು ಹೋಗುವ ಭಾಗ್ಯ ಸಿಕ್ಕಮೇಲೆ ಅವರಿಗೆ ನಮ್ಮ ಮನೆಯ ನೆನಪೇ ಹೋಯಿತು. ನನಗೂ ಅಡುಗೆಮನೆ ಹಿಡಿಸಿತು. ಕಟ್ಟೆ ನನ್ನ ಎತ್ತರಕ್ಕೆ ಹೇಳಿ ಮಾಡಿಸಿದಂತಿತ್ತು. ಅದರ ಮುಂದೆ ನೆಲದಲ್ಲಿ ಒಂದು ದಪ್ಪ ಮರದ ಮಣೆ ಬಿದ್ದಿತ್ತು, ಕಾಲಿಗೆ ಎಡವುತ್ತದೆಂದು ಎತ್ತಿ ಮೂಲೆಗೆ ಒರಗಿಸಿದೆ. ಆದರೆ ಶಾಲೆಗೆ ಜಾಗ ಎಲ್ಲಿ? ಮುಂದಿನ ಪಡಸಾಲೆಯಲ್ಲಿ ಮೂರು ಮಿಷಿನ್ನು ಹಿಡಿಸಿದವು. ಉಳಿದ ಆರು ಮಂಚದ ಕೆಳಗೆ ಸೇರಿದವು. ಮೂವರು ಹುಡುಗಿಯರು ಮಿಷಿನ್ನು ತಿರುಗಿಸಿದರೆ ಆರು ಜನ ಬೀದಿಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದರು. ಮಳೆ ಬಂದರೆ ಶಾಲೆಗೆ ರಜೆ. ಇಬ್ಬರು ಬರುವುದನ್ನೇ ಬಿಟ್ಟರು. ಒಬ್ಬಳ ಅಪ್ಪ ಎದುರಿಗೇ ಹೇಳಿದ, "ಬೀದೀಲಿ ಕೂತು ಹೊಲಿಯಾಕೆ ನಮ್ಮ ಹುಡುಗಿ ಯಾಕೆ ಬೇಕು ಅಕ್ಕೋರೆ?"

ಅಮಾವಾಸ್ಯೆಗೊಮ್ಮೆ ನಮ್ಮ ಮನೆಯನ್ನು ನೋಡಿ ಬರುವ ಹಕ್ಕು ನಮಗಿತ್ತು. ಹೋದಾಗಲೆಲ್ಲ ನಾನು ಮೊದಲು ತಲೆ ಎತ್ತಿ ಮಹಡಿಯ ಕೋಣೆಯನ್ನು ನೋಡುತ್ತಿದ್ದೆ. ನಾಲ್ಕು ಕಿಟಕಿಗಳೂ ಮುಚ್ಚಿಕೊಂಡೇ ಇರುತ್ತಿದ್ದವು. ಕೊಟ್ರಪ್ಪ ಮನೆಯಲ್ಲಿ ಸಿಗುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕರೆ ಸೈಕಲ್ಲಿನಿಂದ ಇಳಿಯದೆಯೇ, "ಜಾಗ ಗೊತ್ತು ಮಾಡೀನಿ ಅಕ್ಕೋರೆ, ಇನ್ನೆರಡು ದಿನ" ಎನ್ನುತ್ತಿದ್ದ. ಹೀಗೆ ಎಂಟು ಅಮಾವಾಸ್ಯೆ ಕಳೆದವು. ಮೇಸ್ತ್ರಿಗೆ ತನ್ನ ಮನೆ ಕಳೆದುಕೊಳ್ಳುವ ಭಯವೂ ಇಲ್ಲವೇ ಎಂದು ನಾನು ತಲೆ ಕೆಡಿಸಿಕೊಂಡೆ.

ಒಂಬತ್ತನೆಯ ಅಮಾವಾಸ್ಯೆಗೆ ಹೋದಾಗ ಹಾಲಮ್ಮ ರೊಟ್ಟಿ ತಟ್ಟುತ್ತಿದ್ದಳು. ಅಡುಗೆಕಟ್ಟೆಯ ಬದಿಯಿಂದ ಹಿಡಿದು ಗೋಡೆಯ ತನಕ ನೆಲದ ಮೇಲೆ ಸುಣ್ಣದ ಗೆರೆಗಳಿದ್ದವು, ಅರ್ಧ ಒರೆಸಿದ್ದವು. ಒದ್ದೆ ಬಟ್ಟೆ ಅಲ್ಲೇ ಬಿದ್ದಿತ್ತು.

"ಏನಿದು ಹಾಲಕ್ಕ?" ಎಂದೆ.

ಅವಳು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಅವ್ರು ಗೆರೆ ಹೊಡೀತಾರೆ ಅಕ್ಕೋರೆ. ಮೂರು ಸರ್ತಿ ಹೊಡೆದ್ರು. ಮೆಟ್ಲು ಬರಾಕೆ ಇದೊಂದೇ ಜಾಗ, ಈ ಕಟ್ಟೆ ಒಡೀಬೇಕು. ಅವ್ರು ಆಕಡೆ ಹೋದ ಕೂಡ್ಲೆ ನಾನೇ ಒರೆಸಿಬಿಡ್ತೀನಿ. ಬೇಡ, ಮುಟ್ಟಬೇಡ್ರಿ ಅಂತ ಅಳ್ತೀನಿ. ನಾನು ಅತ್ರೆ ಅವ್ರಿಗೆ ಕೈಕಾಲು ಆಡಲ್ಲ. ಸೈಕಲ್ ಹತ್ತಿ ಹೋಗಿಬಿಡ್ತಾರೆ."

"ಯಾಕೆ?"

ಹಾಲಮ್ಮ ಹಿಟ್ಟಿನ ಕೈಗಳನ್ನು ಕಟ್ಟೆಯ ಮೇಲೆ ಊರಿ ನೆಟ್ಟಗೆ ನಿಂತಳು. "ನೋಡ್ರಿ" ಎಂದಳು. ನೋಡಿದೆ. ಅಡುಗೆಕಟ್ಟೆಯ ಮುಂದೆ ಒಬ್ಬ ಹೆಂಗಸು ನಿಂತಿದ್ದಳು, ಅಷ್ಟೇ. ನನಗೆ ಏನೂ ಅರ್ಥವಾಗಲಿಲ್ಲ.

"ನೆಲದ ಮ್ಯಾಲೆ ನಿಂತೀನಿ ಅಕ್ಕೋರೆ. ನಮ್ಮನೇಲಿ ಹದಿನಾರು ವರ್ಷ ಮಣೆ ಮ್ಯಾಲೆ ನಿಂತು ಅಡುಗೆ ಮಾಡೀನಿ. ನಾನು ಬಾಣಂತನಕ್ಕೆ ತವರಿಗೆ ಹೋದಾಗ ಆ ಮನೆ ಕಟ್ಟಿದ್ರು. ಕೇಳಾಕೆ ನಾನು ಇರ್ಲಿಲ್ಲ, ತಮ್ಮ ಸೊಂಟಕ್ಕೇ ಅಳತೆ ಇಟ್ಕಂಡ್ರು. ಎರಡು ಸರ್ತಿ ಮಣೆ ಜಾರಿ ಬಿದ್ದೀನಿ. ರೊಟ್ಟಿ ತಟ್ಟಿದ್ರೆ ಭುಜ ಹಿಡ್ಕಂಬಿಡ್ತಿತ್ತು. ಬ್ಯಾರೆ ಒಂಬತ್ತು ಮನೇಲೂ ಇಂಥದೇ ಪಾಡು. ಕೊನೀಗೆ ನಿಮ್ಮನೆ ಕಟ್ಟೋವಾಗ, ಈ ಕಟ್ಟೆ ಹಾಕೋ ದಿನ, ನನ್ನ ಕರ್ಕಂಡು ಬಂದು ಇಲ್ಲಿ ನಿಲ್ಲಿಸಿ ಅಳತೆ ತಗಂಡ್ರು."

"ನನ್ನ ಮನೆ ಕಟ್ಟೆಗೆ ನಿಮ್ಮ ಅಳತೆಯಾ?"

"ಮುಂದೆ ಬಂದು ಬಾಳೋರು ನಾವೇ ತಾನೆ ಅಕ್ಕೋರೆ? ಈ ಊರಾಗೆ ಎಲ್ಲಾ ಮೇಸ್ತ್ರಿಗಳೂ ಒಳಗೊಳಗೆ ಹಂಗೇ ಕಟ್ಟಾದು."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎಂಟು ದಿನ ಬಗ್ಗಿ ಬಗ್ಗಿ ನಡು ಮುರಿದುಕೊಂಡವಳು ನಾನು, ಶಾಲೆ ಬೀದಿಗೆ ಬಂದಿದ್ದು ನನ್ನದು, ಇವರಿಬ್ಬರೂ ಸೇರಿ ನನ್ನ ಮನೆಯನ್ನು ತಮ್ಮ ಮೈಗೆ ಹೊಲಿಸಿಕೊಂಡಿದ್ದಾರೆ! ಬಾಯಿಗೆ ಬಂದಂತೆ ಬೈದೆ. ಹಾಲಮ್ಮ ತಲೆ ಎತ್ತದೆ, "ಬೈರಿ, ಬೈಬೇಕು" ಎಂದಳು. ಅದು ಇನ್ನೂ ಸಿಟ್ಟು ತರಿಸಿತು.

"ವರ್ಷ ತುಂಬಿದ್ರೆ ನಿಮ್ಮ ಮನೆ ಕೈಬಿಟ್ಟು ಹೋಗ್ತೈತೆ. ಅದು ನಿಮ್ಮ ಹೆಸರಲ್ಲೇ ಐತಂತೆ. ಅದರ ಮ್ಯಾಲೂ ಆಸೆ ಇಲ್ವಾ ನಿಮಗೆ?"

"ಐತೆ. ಮಕ್ಕಳನ್ನ ಎತ್ತಾಡಿದ ಮನೆ. ಮಲಗಿದ್ರೆ ಅದೇ ಯೋಚನೆ. ಬೆಳಿಗ್ಗೆ ಎದ್ದು ಇಲ್ಲಿ ನಿಂತ್ಕಂಡ್ರೆ ಎಲ್ಲಾ ಮರೆತುಹೋಗ್ತೈತೆ." ಅಷ್ಟು ಹೇಳಿ ಅತ್ತಳು. ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು.

ಧುಮುಗುಡುತ್ತಲೇ ವಾಪಸ್ಸು ಬಂದು ಚಹಾಕ್ಕೆ ಇಟ್ಟೆ. ಕಟ್ಟೆಗೆ ಒರಗಿ ನಿಂತಾಗ ಒಂದು ವಿಷಯ ಹೊಳೆಯಿತು. ಒಂಬತ್ತು ತಿಂಗಳಿಂದ ನನ್ನ ನಡು ಒಂದು ದಿನವೂ ನೋಯಲಿಲ್ಲ. ಮೂಲೆಗೆ ಒರಗಿಸಿದ್ದ ಮಣೆಯನ್ನು ಎಳೆದು ನೋಡಿದೆ. ಹದಿನಾರು ವ‌ರ್ಷ ನಿಂತು ನಿಂತು ಎರಡು ಹಿಮ್ಮಡಿಗಳ ಜಾಗದಲ್ಲಿ ಮರ ಸವೆದು ಗುಳಿ ಬಿದ್ದಿತ್ತು. ಎಂಟು ದಿನದ ನೋವಿಗೆ ನಾನು ಅಷ್ಟು ಕೂಗಾಡಿದ್ದೆ. ಚಹಾ ಉಕ್ಕಿ ಒಲೆಗೆಲ್ಲ ಹರಿಯಿತು. ನನಗೆ ನಾಚಿಕೆಯಾಯಿತು, ಅದನ್ನು ಮುಚ್ಚಿಡುವುದೇನೂ ಇಲ್ಲ.

ಮರುದಿನ ಬೆಳಿಗ್ಗೆ ದಾದಾಪೀರ್ ಸಾಹೇಬರ ಕಚೇರಿಗೆ ಹೋಗಿ ಹೊಸ ದೂರು ಬರೆದುಕೊಟ್ಟೆ. ಅವರು ಎರಡು ಸಲ ಓದಿ ಕನ್ನಡಕ ತೆಗೆದರು.

"ನೀವು ಈಗ ಇರಾ ಮನೆ ಮ್ಯಾಲೇ ದೂರಾ?"

"ಹ್ಞೂಂ ಸಾಹೇಬ್ರೆ. ಮನೆ ಹಾಲಮ್ಮಂದು. ಕಟ್ಟಿದ್ದು ಕೊಟ್ರಪ್ಪ. ವಾಸ ಇರಾಳು ನಾನು. ವಾಸ ಇರೋರು ದೂರು ಕೊಡಬಹುದು ಅಂತ ನಿಮ್ಮ ಕಾಯಿದೇಲೇ ಐತೆ."

"ಹದಿನಾರು ವರ್ಷದ ಹಿಂದಿನ ಮನೆ ಅಕ್ಕೋರೆ!"

"ಕಟ್ಟೆ ಇವತ್ತೂ ಅಷ್ಟೇ ಎತ್ತರ ಐತೆ ಸಾಹೇಬ್ರೆ."

ಬಂದರು. ಗೋಲಿ ಇಟ್ಟರು, ನೀರು ಸುರಿದರು, ಗುಂಡು ಇಳಿಬಿಟ್ಟರು. ಎಲ್ಲವೂ ಸರಿಯಾಗಿಯೇ ಇತ್ತು. ಆಗ ನಾನು ಹಾಲಮ್ಮನನ್ನು ಕೈಹಿಡಿದು ಕರೆತಂದು ಕಟ್ಟೆಯ ಮುಂದೆ ಬರಿ ನೆಲದ ಮೇಲೆ ನಿಲ್ಲಿಸಿ, "ಈಗ ಅಳೀರಿ" ಎಂದೆ. ಕಟ್ಟೆ ಅವಳ ಮೊಣಕೈಗಿಂತ ಒಂದು ಗೇಣು ಮೇಲಿತ್ತು. ಸಾಹೇಬರು ಗೋಲಿಯನ್ನು ಎತ್ತಿ ಚೀಲಕ್ಕೆ ಹಾಕಿದರು. "ಮೂವತ್ತು ವರ್ಷ ನೆಲ ಅಳೆದೆ, ಗೋಡೆ ಅಳೆದೆ. ನಿಂತ್ಕಂಡ ಮನುಷ್ಯರನ್ನ ಅಳೀಲಿಲ್ಲ ನೋಡ್ರಿ" ಎಂದರು. ದೂರು ಒಪ್ಪಿದರು.

ತೀರ್ಪು ಕೊಡುವಾಗ ಪೇಚಿಗೆ ಸಿಕ್ಕಿಬಿದ್ದರು. ಕೆಡಿಸಿದವನು ಈ ಮನೆಗೆ ಬಂದು ಬಾಳಬೇಕು. ಆದರೆ ಅದೇ ಮನುಷ್ಯ ಈಗಾಗಲೇ ನನ್ನ ಮನೆಯಲ್ಲಿ ಬಾಳುತ್ತಿದ್ದಾನೆ. "ಒಬ್ಬ ಮನುಷ್ಯನ್ನ ಎರಡು ಮನೇಲಿ ಹೆಂಗೆ ಇಡ್ಲಿ?" ಎಂದು ಗೊಣಗುತ್ತ ನಾನು ಕೊಟ್ಟ ಚಹಾ ಕುಡಿದು ಮುಗಿಸಿದರು. ಕೊನೆಗೆ, "ಕೆಟ್ಟಿರಾದು ಅಡುಗೆಕಟ್ಟೆ ಒಂದೇ. ಅದಕ್ಕೇ ಮೇಸ್ತ್ರಿ ಕಟ್ಟೆ ಮುಂದೆ ಮಾತ್ರ ಬಾಳುವೆ ಮಾಡ್ಲಿ. ಅದು ಸರಿಯಾಗಾ ತನಕ ಎರಡೂ ಮನೆ ಅಡುಗೇನ ಇವ್ರೇ ಇಲ್ಲಿ ನಿಂತು ಮಾಡಬೇಕು" ಎಂದರು.

"ಕಟ್ಟೆ ನನ್ನ ಎತ್ತರಕ್ಕೆ ಸರಿಯಾಗೇ ಐತಲ್ರಿ" ಎಂದ ಕೊಟ್ರಪ್ಪ.

"ಒಳ್ಳೇದೇ ಆತು. ಮಾಡ್ರಿ."

ಊರಿಗೆ ಊರೇ ನಕ್ಕಿತು. ಮೊದಲ ದಿನದ ಉಪ್ಪಿಟ್ಟನ್ನು ಲೋಟದಲ್ಲಿ ಹಾಕಿ ಕುಡಿಯಬಹುದಿತ್ತು. ಎರಡನೇ ದಿನದ್ದನ್ನು ಇಟ್ಟಿಗೆ ಜೋಡಿಸಲು ಬಳಸಬಹುದಿತ್ತು. ಇಟ್ಟದ್ದನ್ನು ತಿಂದು ಏಳುವ ನನ್ನ ಗಂಡ ಮೂರನೇ ದಿನ ತಟ್ಟೆ ದೂಡಿ ಟಾಕೀಸಿನ ಕ್ಯಾಂಟೀನಿಗೆ ಹೋದರು. ನಾಲ್ಕನೇ ದಿನ ಹಾಲಮ್ಮನೇ ರೊಟ್ಟಿ ತಟ್ಟುವುದನ್ನು ತೋರಿಸಿಕೊಡಲು ಬಂದಳು. ಕಟ್ಟೆಯ ಮುಂದೆ ಬಂದವಳೇ, ಯೋಚನೆ ಮಾಡದೆ, ಮೂಲೆಯ ಮಣೆಯನ್ನು ಕಾಲಿನಿಂದ ಎಳೆದುಕೊಂಡು ಅದರ ಮೇಲೆ ಹತ್ತಿದಳು. ಒಂದು ಕೈಯಿಂದ ಗೋಡೆಯ ಗೂಟ ಹಿಡಿದು ಸಮತೂಕ ಮಾಡಿಕೊಂಡಳು, ಆಮೇಲೆ ಭುಜ ಎತ್ತಿ ತಟ್ಟಲು ಶುರುಮಾಡಿದಳು. ಹದಿನಾರು ವರ್ಷ ಊಟಕ್ಕೆ ಮಾತ್ರ ಅಡುಗೆಮನೆಗೆ ಬಂದಿದ್ದ ಕೊಟ್ರಪ್ಪ ಇದನ್ನು ಪಕ್ಕದಲ್ಲಿ ನಿಂತು ನೋಡಿದ್ದು ಅವತ್ತೇ ಮೊದಲು. ಒಲೆ ಆರಿಸಿದ, ಹೆಂಡತಿಯನ್ನು ಕೈಹಿಡಿದು ಕೆಳಗಿಳಿಸಿದ, ಹೊರಗೆ ಹೋಗಿ ಸುತ್ತಿಗೆ ತಂದ.

ಮೂರು ದಿನದಲ್ಲಿ ಹೊಸ ಕಟ್ಟೆ ಎದ್ದಿತು, ಹಾಲಮ್ಮನ ಅಳತೆಗೆ. ಕೊಟ್ರಪ್ಪ ಇಷ್ಟು ಬೇಗ ಮುಗಿಸಿದ ಕೆಲಸ ಊರಿನಲ್ಲಿ ಇನ್ನೊಂದಿಲ್ಲ. ಅಲ್ಲಿ ವಾಸ ಇದ್ದವಳು ನಾನು, ಹಾಗಾಗಿ ನನ್ನ ನಡು ಮತ್ತೆ ನೋಯತೊಡಗಿತು. ನನ್ನ ಗಂಡ, "ನಿನ್ನ ಕೈಯಾರೆ ಮಾಡ್ಕಂಡಿದ್ದು" ಎಂದು ಮುಲಾಮು ಕೊಟ್ಟರು. ಮುಂದಿನ ಅಮಾವಾಸ್ಯೆಗೆ ನಮ್ಮ ಮನೆಗೆ ಹೋದರೆ ಹಾಲಮ್ಮ ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ ಕೂತಿದ್ದಳು. ಸುಣ್ಣದ ಗೆರೆಯನ್ನು ತಾನೇ ಎಳೆಯುತ್ತಿದ್ದಳು, ಅದೂ ರಂಗೋಲಿ ಬಿಡುವವರ ನೆಟ್ಟನೆಯ ಕೈಯಲ್ಲಿ.

ಕೆಲಸ ಶುರುವಾಯಿತು. ತಗ್ಗಿನ ಕಟ್ಟೆ ಒಡೆದರು, ತಾರಸಿ ಕೊರೆದರು, ಕಬ್ಬಿಣ ಕಟ್ಟಿದರು. ನನಗೆ ಕಿಟಕಿಯ ಕೆಳಗೆ ಬೇರೆ ಕಟ್ಟೆ ಬಂತು. "ಅಕ್ಕೋರೆ, ಮೊಣಕೈ ಮಡಚ್ರಿ" ಎಂದು ಕೊಟ್ರಪ್ಪ ನನ್ನ ಅಳತೆ ತೆಗೆದುಕೊಂಡ. ಮೆಟ್ಟಿಲುಗಳು ಒಂದೊಂದಾಗಿ ಮೇಲೇರಿದವು. ಬಿಟ್ಟುಹೋಗಿದ್ದ ಇಬ್ಬರು ಹುಡುಗಿಯರ ಮನೆಗೆ ನಾನೇ ಹೋಗಿ, ಮುಂದಿನ ವಾರದಿಂದ ಶಾಲೆ ಮಹಡಿಯಲ್ಲಿ ಎಂದು ಹೇಳಿ ಬಂದೆ. ಅಷ್ಟು ಧೈರ್ಯ ಬಂದಿತ್ತು ನನಗೆ.

ವರ್ಷದ ಕೊನೆಯ ದಿನ ಬಂದೇಬಿಟ್ಟಿತು. ಹೊತ್ತು ಮುಳುಗುವುದರೊಳಗೆ ತೀರ್ಮಾನವಾಗಬೇಕು. ಮೆಟ್ಟಿಲು ಮುಗಿದಿತ್ತು, ಆದರೆ ಪಕ್ಕದ ಕಂಬಿ ಬಂದಿರಲಿಲ್ಲ. ವೆಲ್ಡಿಂಗ್ ಅಂಗಡಿಯವನು ಬೀಗ ಹಾಕಿಕೊಂಡು ಮದುವೆಗೆ ಹೋಗಿದ್ದ. ಕೊಟ್ರಪ್ಪ ಸೈಕಲ್ಲಿನಲ್ಲಿ ಮೂರು ಊರು ಸುತ್ತಿ ಬರಿಗೈಲಿ ಬಂದಿದ್ದ. ಹದಿನೇಳು ಮೆಟ್ಟಿಲು, ಒಂದು ಕಡೆ ಗೋಡೆ, ಇನ್ನೊಂದು ಕಡೆ ಬಯಲು. ನಮ್ಮಲ್ಲಿ ಒಮ್ಮೆ "ಮುಗಿಯಿತು" ಎಂದು ಬರೆದರೆ ಆ ಮನೆಯ ಮೇಲೆ ಮತ್ತೆ ದೂರಿಲ್ಲ, ಎಂದೆಂದಿಗೂ. ಹಾಗೆ ಬರೆದ ಮನೆಯ ಕಡೆ ಮೇಸ್ತ್ರಿಗಳ ನೆರಳೂ ಸುಳಿಯುವುದಿಲ್ಲ. ಸೂರು ಸೋರಿದರೂ ನಾವೇ ಬಕೆಟ್ ಇಡಬೇಕು. ಊರಿಗೆ ಇದು ಗೊತ್ತಿದ್ದರಿಂದ ಅಕ್ಕಪಕ್ಕದವರೆಲ್ಲ ಅಂಗಳದಲ್ಲಿ ಸೇರಿದ್ದರು.

ದಾದಾಪೀರ್ ಸಾಹೇಬರು ಪುಸ್ತಕ ತೆರೆದು ಮೊದಲು ಮೇಸ್ತ್ರಿಯನ್ನು ಕೇಳಿದರು. "ಮುಗೀತಾ?"

ಕೊಟ್ರಪ್ಪ ಏನು ಹೇಳುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಯಾರೋ ಹಿಂದಿನಿಂದ ಅವನ ದನಿಯಲ್ಲೇ "ಇನ್ನೆರಡು ದಿನ" ಎಂದು ಅಣಕಿಸಿದರು, ಒಂದಿಬ್ಬರು ನಕ್ಕರು. ಅವನು ಮೆಟ್ಟಿಲ ಕಡೆ ತಿರುಗಿ ನೋಡಿದ.

"ಇಲ್ರಿ. ಮುಗಿದಿಲ್ಲ" ಎಂದ. "ಕಂಬಿ ಆಗಿಲ್ಲ. ಸಣ್ಣ ಹುಡುಗೀರು ಹತ್ತೋ ಮೆಟ್ಲು, ಮುಗೀತು ಅಂತ ಹೆಂಗೆ ಹೇಳ್ಲಿ?"

ನಗು ನಿಂತಿತು. ಹಾಲಮ್ಮ ಕಣ್ಣು ಮುಚ್ಚಿಕೊಂಡಳು. ಈ ಮಾತನ್ನು ಸಾಹೇಬರು ಬರೆದುಕೊಂಡರೆ ಅವಳ ಮನೆ ನನ್ನದಾಗುತ್ತದೆ, ಈ ಮಹಡಿ ಅವಳದಾಗುತ್ತದೆ. ಹದಿನಾರು ವರ್ಷದ ಮೇಲೆ ಅವಳ ಎತ್ತರಕ್ಕೆ ಬಂದ ಕಟ್ಟೆಯೂ ಹೋಗುತ್ತದೆ, ನನ್ನ ಕೋಣೆಯೂ ಹೋಗುತ್ತದೆ. ಕೊನೆಯ ಮಾತು ಕಟ್ಟಿಸಿದವರದು, ಹಾಗಾಗಿ ಸಾಹೇಬರು ನನ್ನ ಕಡೆ ತಿರುಗಿದರು. ನನ್ನ ಗಂಡ ಕಿವಿಯ ಹತ್ತಿರ ಬಂದು, "ಇಂದೂ, ಹ್ಞೂಂ ಅನ್ನಬೇಡ. ಟಾಕೀಸಿನ ಮಾತು ಬಿಡು, ಆ ಮೆಟ್ಲಿಂದ ಯಾವ ಹುಡುಗಿ ಆದ್ರೂ ಬಿದ್ರೆ ಏನು ಗತಿ?" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಮುಗಿಯಿತು ಎಂದರೆ ಕಂಬಿ ಹಾಕಿಸಿಕೊಳ್ಳುವ ಹಕ್ಕು ಹೋಯಿತು. ಮುಗಿದಿಲ್ಲ ಎಂದರೆ ಕೋಣೆಯೇ ಹೋಯಿತು. ಅದೆಲ್ಲಕ್ಕಿಂತ ಹೆಚ್ಚಾಗಿ, ಜೀವಮಾನದಲ್ಲಿ ಒಂದು ಸಲ ಈ ಮನುಷ್ಯ ಬಾಯಿಬಿಟ್ಟು ನಿಜ ಹೇಳಿದ್ದಾನೆ. ಆ ನಿಜವನ್ನೇ ಹಿಡಿದುಕೊಂಡು ಅವನ ಮನೆ ಕಿತ್ತುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

"ಮನೆ ನಂದು ಸಾಹೇಬ್ರೆ. ನಾನು ಹೇಳ್ತೀನಿ, ಮುಗಿದೈತೆ. ಬರ್ಕಳ್ರಿ."

"ಆಮ್ಯಾಲೆ ನೀವು ಕರೆದ್ರೂ ನಾನು ಬರಾಂಗಿಲ್ಲ ಅಕ್ಕೋರೆ. ಯೋಚನೆ ಮಾಡ್ರಿ."

"ಮಾಡೀನಿ."

ಬರೆದರು. ಬೀಗದ ಕೈಗಳು ಬದಲಾದವು. ಹಾಲಮ್ಮ ನನ್ನ ಎರಡೂ ಕೈ ಹಿಡಿದುಕೊಂಡಳು, ಗಂಟು ಹೊತ್ತುಕೊಂಡು ಹೋದಳು. ಬದಿಗೆ ಹಗ್ಗ ಕಟ್ಟಬೇಕು, ಹುಡುಗಿಯರನ್ನು ಗೋಡೆಗೆ ಒತ್ತಿಕೊಂಡು ಹತ್ತಿಸಬೇಕು, ಚಿಕ್ಕವರನ್ನು ನಾನೇ ಕೈಹಿಡಿದು ಕರೆದೊಯ್ಯಬೇಕು ಎಂದು ಯೋಚಿಸುತ್ತ ಮಲಗಿದೆ.

ಬೆಳಿಗ್ಗೆ ಎಂಟು ಗಂಟೆಗೆ ಒಂಬತ್ತು ಹುಡುಗಿಯರೂ ಹಾಲಮ್ಮನ ಮನೆಯಿಂದ ಮಿಷಿನ್ನು ಹೊತ್ತು ಬಂದರು. ಬಾಗಿಲು ತೆರೆದರೆ ಕೊಟ್ರಪ್ಪ ಅವರ ಜೊತೆಗೇ ಒಳಗೆ ಬಂದ. ಹೆಗಲ ಮೇಲೆ, ಮದುವೆಯಿಂದ ಬಂದ ವೆಲ್ಡಿಂಗಿನವನನ್ನು ರಾತ್ರಿಯೇ ಎಬ್ಬಿಸಿ ತಂದ ಕಬ್ಬಿಣದ ಕೊಳವೆಗಳ ಹೊರೆ, ಕೈಯಲ್ಲಿ ಉಳಿ, ಸುತ್ತಿಗೆ. ಹಿಂದೆ ಅಳತೆಯ ಟೇಪು ಹಿಡಿದು ಹಾಲಮ್ಮ. ಕೇಳದೆ ಕರೆಯದೆ ಮೆಟ್ಟಿಲ ಹತ್ತಿರ ಹೋಗಿ ಹೊರೆ ಇಳಿಸಿದ.

"ಮೇಸ್ತ್ರಿ, ನಾನು ದೂರು ಕೊಟ್ಟಿಲ್ಲ" ಎಂದೆ.

"ಗೊತ್ತು ಅಕ್ಕೋರೆ."

"ಮುಗೀತು ಅಂತ ಬರ್ದಾಗೈತೆ. ಇನ್ನು ನಿಮ್ಮನ್ನ ಯಾರೂ ಕರ್ಸಾಕೆ ಬರಾಂಗಿಲ್ಲ."

"ಯಾರೂ ಕರೀಲಿಲ್ರಿ" ಎಂದ ಕೊಟ್ರಪ್ಪ. ಆಮೇಲೆ ಸ್ವಲ್ಪ ನಾಚಿಕೊಂಡು, "ಇಪ್ಪತ್ತು ವರ್ಷ ಆತು ಈ ಕೆಲಸ ಹಿಡಿದು. ಯಾರೂ ಕರೀದೆ ಒಂದು ಮನೆಗೆ ವಾಪಸ್ ಹೋಗಿದ್ದು ಇದೇ ಮೊದಲು" ಎಂದ.

ಉಳಿಗೆ ಸುತ್ತಿಗೆ ಎತ್ತಿದವನು ಮಿಷಿನ್ನು ಹೊತ್ತು ನಿಂತಿದ್ದ ಹುಡುಗಿಯರನ್ನು ನೋಡಿ ಅದನ್ನು ಕೆಳಗಿಟ್ಟ. "ಅವ್ರನ್ನ ಯಾಕೆ ನಿಲ್ಲಿಸ್ತೀರಿ? ಹತ್ಲಿ" ಎಂದು, ಮೆಟ್ಟಿಲಿನ ಬಯಲು ಬದಿಗೆ, ಕಂಬಿ ಬರಬೇಕಾದ ಜಾಗದಲ್ಲಿ, ಅಂಚಿಗೆ ತಾನೇ ಹೋಗಿ ನಿಂತು ಉದ್ದನೆಯ ತೋಳು ಚಾಚಿದ. ಮೊದಲನೆಯ ಹುಡುಗಿ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಹತ್ತಿದಳು. ಅವಳು ಮೇಲೇರಿದ ಹಾಗೆ ಕೊಟ್ರಪ್ಪನೂ ತೋಳು ಚಾಚಿಕೊಂಡೇ ಪಕ್ಕದಲ್ಲಿ ಒಂದೊಂದೇ ಮೆಟ್ಟಿಲು ಏರಿದ, ಅವಳನ್ನು ಮೇಲೆ ಬಿಟ್ಟು ಕೆಳಗಿಳಿದು ಬಂದ, ಎರಡನೆಯವಳ ಪಕ್ಕ ನಿಂತ. ಹಾಗೆ ಒಂಬತ್ತು ಸಲ ಹತ್ತಿ ಇಳಿದ. ಒಂಬತ್ತೂ ಹುಡುಗಿಯರು ಮೇಲೆ ಹೋಗಿ ನಾಲ್ಕೂ ಕಿಟಕಿ ತೆರೆದರು.